ಐಸುಗಡ್ಡೆಗೆ ಯಾಕೆ ಕಂಬಳಿ?

ನಾನು ನಾಲ್ಕನೇ ತರಗತಿಯಲ್ಲಿದ್ದಾಗ ನಮ್ಮ ಮನೆಯಲ್ಲಿ ಸೋದರತ್ತೆಯ ಮದುವೆ ಆಯಿತು. ತಿಪಟೂರು ಸೀಮೆಯ ಹಳ್ಳಿ, ಮೇ ತಿಂಗಳ ಬಿಸಿಲು. ಬೀಗರಿಗೆ ತಣ್ಣಗೆ ಪಾನಕ ಕೊಡಬೇಕು ಅಂತ ದೊಡ್ಡಪ್ಪ ಹಟ ಹಿಡಿದು, ಬೆಳಗಿನ ಜಾವದ ಬಸ್ಸಿನ ಮೇಲೆ ಪೇಟೆಯಿಂದ ಒಂದು ಐಸುಗಡ್ಡೆ ಹಾಕಿಸಿಕೊಂಡು ಬಂದರು. ಅದನ್ನು ಇಳಿಸಿದಾಗ ಐಸು ಕಾಣಿಸಲೇ ಇಲ್ಲ. ಮೇಲೆ ಅಜ್ಜನ ಕರಿ ಕಂಬಳಿ, ಅದರ ಕೆಳಗೆ ಗೋಣಿಚೀಲ, ಚೀಲದ ತುಂಬ ಮರದ ಹೊಟ್ಟು. ಆ ಹೊಟ್ಟಿನ ನಡುವೆ ಎಲ್ಲೋ ನಮ್ಮ ಐಸು.

ನನಗೆ ತಡೆಯಲಾಗಲಿಲ್ಲ. ಕಂಬಳಿ ಹೊದ್ದರೆ ಸೆಖೆ. ಸೆಖೆಯಾದರೆ ಐಸು ಕರಗುತ್ತದೆ. ಇಷ್ಟು ದೊಡ್ಡವರಿಗೆ ಇಷ್ಟೂ ತಿಳಿಯದೆ? ಎಲ್ಲರೂ ಧಾರೆಯ ಗಡಿಬಿಡಿಯಲ್ಲಿದ್ದಾಗ ಚಿಕ್ಕಪ್ಪನ ಮಗನನ್ನು ಸೇರಿಸಿಕೊಂಡು ಹಿತ್ತಲಲ್ಲಿ ಚೀಲ ಬಿಚ್ಚಿದೆ. ಗಡ್ಡೆಗೆ ಅಂಟಿದ್ದ ಹೊಟ್ಟನ್ನೆಲ್ಲ ತಂಬಿಗೆ ತಂಬಿಗೆ ನೀರು ಹೊಯ್ದು ತೊಳೆದೆವು. ಆಮೇಲೆ ಇಬ್ಬರೂ ಏದುಸಿರು ಬಿಡುತ್ತ ಅದನ್ನು ತಾಮ್ರದ ದೊಡ್ಡ ಹರಿವಾಣದ ಮೇಲೆ ಉರುಳಿಸಿದೆವು. ಹರಿವಾಣ ಮುಟ್ಟಿ ನೋಡಿದೆ. ಜುಮ್ಮೆನ್ನುವಷ್ಟು ತಣ್ಣಗಿತ್ತು. ಐಸಿಗೆ ತಕ್ಕ ಜಾಗ ಸಿಕ್ಕಿತು ಅಂತ ಹಿಗ್ಗಿದೆ.

ಪಾನಕದ ಹೊತ್ತಿಗೆ ಹರಿವಾಣದ ತುಂಬ ನೀರು. ಅದರಲ್ಲಿ ತೆಂಗಿನಕಾಯಿ ಗಾತ್ರದ ಒಂದು ಚೂರು ತೇಲುತ್ತಿತ್ತು. ದೊಡ್ಡಪ್ಪ ಹೊಡೆಯುತ್ತಾರೆ ಅಂತ ಕಾದೆ, ಹೊಡೆಯಲಿಲ್ಲ. "ಅಲ್ವೋ ಮಗಾ, ಅದಕ್ಕೆ ಚಳಿ ಆಗ್ತದೆ ಅಂತ ಹೊದಿಸಿದ್ವಾ? ನಮ್ಮ ಸೆಖೆ ಅದಕ್ಕೆ ತಾಗದೆ ಇರ್ಲಿ ಅಂತ ಹೊದಿಸಿದ್ದು" ಅಂದರು. ಮುಂದೆ ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದೆ. ಶಾಖದ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಆಗಲಿಲ್ಲ.

ನಾವು ಮಾತಿನಲ್ಲಿ 'ತಂಪು ಹೋಯಿತು' ಅನ್ನುತ್ತೇವೆ, ತಂಪು ಅನ್ನುವುದು ಏನೋ ಒಂದು ಪದಾರ್ಥ ಅನ್ನುವ ಹಾಗೆ. ನಿಜವಾಗಿ ಓಡಾಡುವುದು ಶಾಖ ಒಂದೇ, ಅದೂ ಒಂದೇ ದಿಕ್ಕಿಗೆ: ಬಿಸಿ ಇರುವ ಕಡೆಯಿಂದ ತಣ್ಣಗಿರುವ ಕಡೆಗೆ. ಬಿಸಿ ಸಾರಿನಿಂದ ಅದು ಹೊರಗೆ ಹೋಗುತ್ತದೆ, ಐಸಿನೊಳಕ್ಕೆ ಹೊರಗಿನಿಂದ ಬರುತ್ತದೆ. ಕಂಬಳಿ ನಡುವೆ ನಿಂತ ಬೇಲಿ. ಹೊರಗೆ ಹೋಗುವ ದನವನ್ನೂ ತಡೆಯುತ್ತದೆ, ಒಳಗೆ ನುಗ್ಗುವ ದನವನ್ನೂ ತಡೆಯುತ್ತದೆ. ಕಂಬಳಿ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಚಳಿಗಾಲದ ರಾತ್ರಿ ನಮ್ಮನ್ನು ಬೆಚ್ಚಗಿಡುವುದು ನಮ್ಮದೇ ಮೈಯ ಕಾವು. ಐಸಿಗೆ ಅಂಥ ಕಾವಿಲ್ಲ, ಹಾಗಾಗಿ ಕಂಬಳಿಯೊಳಗೆ ಅದು ತಣ್ಣಗೇ ಇರುತ್ತದೆ.

ಹಾಗಾದರೆ ಬೇಲಿ ಹಾಕುವವರು ಯಾರು? ಉಣ್ಣೆಯೇ, ಹೊಟ್ಟೇ, ಗೋಣಿಯ ನಾರೇ? ಇವೆಲ್ಲ ಬರೀ ಗೂಟಗಳು. ಬೇಲಿ ಅವುಗಳ ನಡುವೆ ಸಿಕ್ಕಿಕೊಂಡಿರುವ ಗಾಳಿ.

ಅಲ್ಲಾಡದೆ ನಿಂತ ಗಾಳಿ ಸಾಗಿಸುವ ಶಾಖವನ್ನು 1 ಅಂತ ಇಟ್ಟುಕೊಳ್ಳಿ. ಅಷ್ಟೇ ದಪ್ಪದ ಉಣ್ಣೆಯಾಗಲಿ ಥರ್ಮಾಕೋಲಾಗಲಿ ಸುಮಾರು ಒಂದೂವರೆಯಷ್ಟು ಸಾಗಿಸುತ್ತದೆ. ನೀರು 23ರಷ್ಟು, ಗಾಜು 40ರಷ್ಟು, ಸ್ಟೀಲು ಹೆಚ್ಚುಕಡಿಮೆ 600ರಷ್ಟು. ಅಲ್ಯೂಮಿನಿಯಂ 9,000 ದಾಟುತ್ತದೆ, ತಾಮ್ರ 15,000ದ ಸುತ್ತಮುತ್ತ. ನಾನು ಐಸನ್ನು ಹುಡುಕಿ ಹುಡುಕಿ ಇಟ್ಟದ್ದು ತಾಮ್ರದ ಮೇಲೆ! ಹರಿವಾಣ ಅಷ್ಟು ತಣ್ಣಗಿತ್ತಲ್ಲ, ಅದೇ ಅದರ ಮೋಸ. ಸುತ್ತಲಿನ ಶಾಖವನ್ನೂ ನನ್ನ ಕೈಯ ಶಾಖವನ್ನೂ ಕಿತ್ತು ಕಿತ್ತು ಐಸಿಗೆ ಒಪ್ಪಿಸುತ್ತಿತ್ತು, ಹಾಗಾಗಿ ಕೈಗೆ ತಣ್ಣಗೆ ತಾಗಿತು.

ಥರ್ಮಾಕೋಲಿನ ಒಂದು ತುಂಡು ಕೈಯಲ್ಲಿ ಹಿಡಿದರೆ ತೂಕವೇ ತಿಳಿಯುವುದಿಲ್ಲ. ಅದರ ಗಾತ್ರದಲ್ಲಿ ನೂರಕ್ಕೆ 98 ಪಾಲು ಗಾಳಿ. ಮಲ್ಪೆಯಿಂದಲೋ ಮಂಗಳೂರಿನಿಂದಲೋ ಐಸು ತುಂಬಿಕೊಂಡು ಘಟ್ಟ ಹತ್ತುವ ಮೀನಿನ ಪೆಟ್ಟಿಗೆಯನ್ನು ಕಾಯುವುದು ಅದರ ಪುಟ್ಟ ಪುಟ್ಟ ಗುಳ್ಳೆಗಳೊಳಗೆ ಸೆರೆಯಾದ ಗಾಳಿ.

ಗಾಳಿ ಅಷ್ಟು ಒಳ್ಳೆಯದಾದರೆ ಸಾರಿನ ಪಾತ್ರೆಯನ್ನು ಗಾಳಿಗೇ ಬಿಟ್ಟುಬಿಡಬಹುದಲ್ಲ ಅನ್ನಬಹುದು ನೀವು. ಗಾಳಿ ನಿಂತರೆ ಕಾವಲುಗಾರ, ಓಡಾಡಿದರೆ ಕಳ್ಳ. ಪಾತ್ರೆಯ ಮೈ ಸೋಕಿ ಬಿಸಿಯಾದ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗಕ್ಕೆ ತಣ್ಣನೆಯ ಗಾಳಿ ಬರುತ್ತದೆ, ಅದೂ ಒಂದಿಷ್ಟು ಶಾಖ ಹೊತ್ತುಕೊಂಡು ಹೋಗುತ್ತದೆ. ಉಣ್ಣೆ, ಹತ್ತಿ, ಹುಲ್ಲು, ಹೊಟ್ಟು ಮಾಡುವ ಕೆಲಸ ಒಂದೇ: ಗಾಳಿಯನ್ನು ಸಣ್ಣ ಸಣ್ಣ ಸಂದುಗಳಲ್ಲಿ ಕೂಡಿ ಹಾಕಿ ಅಲ್ಲಾಡಲು ಬಿಡದೆ ಇರುವುದು.

ಇದನ್ನು ಮೊದಲಿಗೆ ಅಳೆದು ನೋಡಿದವರಲ್ಲಿ ಒಬ್ಬ ಬೆಂಜಮಿನ್ ಥಾಂಪ್ಸನ್. ಕೌಂಟ್ ರಮ್‌ಫೋರ್ಡ್ ಅನ್ನುವ ಬಿರುದಿನಿಂದ ಹೆಸರಾದವನು, 1753ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿದವನು. ಥರ್ಮಾಮೀಟರಿನ ಸುತ್ತ ರೇಷ್ಮೆ, ಹತ್ತಿ, ಉಣ್ಣೆ, ಪ್ರಾಣಿಗಳ ತುಪ್ಪಳ, ಹಕ್ಕಿಯ ನಯವಾದ ಗರಿ ಹೀಗೆ ಒಂದೊಂದನ್ನೇ ತುಂಬಿ, ಯಾವುದರಲ್ಲಿ ಎಷ್ಟು ಹೊತ್ತಿಗೆ ಕಾವು ಇಳಿಯುತ್ತದೆ ಅಂತ ಗಡಿಯಾರ ಹಿಡಿದು ಕೂತ. ಬೆಚ್ಚಗಿಡುವುದು ನೂಲಿಗಿಂತ ಹೆಚ್ಚಾಗಿ ನೂಲಿಗೆ ಅಂಟಿಕೊಂಡ ಗಾಳಿ ಅನ್ನುವುದು ಅವನಿಗೆ ಹೊಳೆದದ್ದು ಹಾಗೆ. ಅವನನ್ನು ಕಾಡಿದ ಇನ್ನೊಂದು ಸಂಗತಿ ಊಟದ ತಟ್ಟೆಯದು. ಬೇಯಿಸಿದ ಸೇಬಿನ ತಿರುಳು ಎಷ್ಟು ಹೊತ್ತಾದರೂ ಆರದೆ ಬಾಯಿ ಸುಡುವುದು ಏಕೆ?

ಅವನು ನಮ್ಮ ಕಡೆ ಹುಟ್ಟಿದ್ದರೆ ಇದೇ ಪ್ರಶ್ನೆಯನ್ನು ರಾಗಿಮುದ್ದೆಯ ಮುಂದೆ ಕೂತು ಕೇಳುತ್ತಿದ್ದ. ತಟ್ಟೆಯಲ್ಲಿ ಮುದ್ದೆಯೂ ಸಾರೂ ಒಟ್ಟಿಗೆ ಬೀಳುತ್ತವೆ. ಸಾರು ಬೇಗ ಆರುತ್ತದೆ. ಮುದ್ದೆಯ ಹೊರಮೈಯೂ ಕೈಗೆ ಹದವಾಗುತ್ತದೆ. ಆರಿತಲ್ಲ ಅಂತ ಬೆರಳು ಒಳಗೆ ಒತ್ತಿದರೆ ಚುರ್ ಅನ್ನುತ್ತದೆ, ಮುರಿದ ಜಾಗದಿಂದ ಹಬೆ ಏಳುತ್ತದೆ. ಸಾರಿನಲ್ಲಿ ತಣ್ಣಗಾದ ನೀರು ಕೆಳಗಿಳಿದು ಬಿಸಿ ನೀರು ಮೇಲೆ ಬರುತ್ತದೆ, ಒಳಗಿನ ಶಾಖವೆಲ್ಲ ಹೀಗೆ ಸರದಿಯಲ್ಲಿ ಬಂದು ಹೊರಗೆ ಹೋಗುತ್ತದೆ. ಮುದ್ದೆಯೊಳಗಿನ ನೀರನ್ನು ಹಿಟ್ಟು ಹಿಡಿದುಕೊಂಡಿದೆ, ಅದು ಹರಿದಾಡಲಾರದು. ಕಂಬಳಿ ಗಾಳಿಯನ್ನು ಕಟ್ಟಿಹಾಕುವ ಹಾಗೆ ರಾಗಿಹಿಟ್ಟು ನೀರನ್ನು ಕಟ್ಟಿಹಾಕಿದೆ. ರಮ್‌ಫೋರ್ಡ್ ಸೇಬಿನ ತಿರುಳಿನಲ್ಲಿ ಕಂಡುಕೊಂಡದ್ದೂ ಇದನ್ನೇ.

ಈಗ ಅಡುಗೆಮನೆಯ ಮಸಿಬಟ್ಟೆಗೆ ಬರೋಣ. "ಒದ್ದೆ ಮಸಿಬಟ್ಟೆಯಲ್ಲಿ ಪಾತ್ರೆ ಇಳಿಸಬೇಡ" ಅಂತ ಅಮ್ಮ ಅಕ್ಕಂದಿರಿಗೆಲ್ಲ ಗದರುತ್ತಿದ್ದರು. ಒಣಗಿದ ಮಸಿಬಟ್ಟೆ ನಾಲ್ಕು ಮಡಿಕೆ ಮಾಡಿ ಹಿಡಿದರೆ ಕುದಿಯುವ ಬೇಳೆಯ ಪಾತ್ರೆಯನ್ನೂ ಇಳಿಸಬಹುದು. ಅದೇ ಬಟ್ಟೆ ಒದ್ದೆಯಾಗಿದ್ದರೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಕೈ ಸುಟ್ಟು ಪಾತ್ರೆ ನೆಲಕ್ಕೆ. ನೂಲು ಬದಲಾಗಿಲ್ಲ, ಮಡಿಕೆ ಬದಲಾಗಿಲ್ಲ. ಸಂದುಗಳಲ್ಲಿದ್ದ ಗಾಳಿಯನ್ನು ಹೊರಗೆ ತಳ್ಳಿ ನೀರು ಕೂತಿದೆ. ಒಂದು ಇದ್ದದ್ದು ಇಪ್ಪತ್ತಮೂರಾಗಿದೆ. ನೆನೆದ ಕಂಬಳಿ, ನೆನೆದ ಹೊಟ್ಟು, ನೆನೆದ ಗೋಣಿ ಎಲ್ಲದರ ಕಥೆಯೂ ಇಷ್ಟೇ. ಐಸು ಕಟ್ಟುವವರು ಕರಗಿದ ನೀರು ಬಸಿದು ಹೋಗುವಂತೆ ನೋಡಿಕೊಳ್ಳುವುದು ಇದಕ್ಕೇ.

ಈ ಮರದ ಹೊಟ್ಟಿನ ಬಲದ ಮೇಲೆ ಒಂದು ಕಾಲದಲ್ಲಿ ಸಮುದ್ರದಾಚೆಯ ವ್ಯಾಪಾರವೇ ನಡೆಯಿತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅನ್ನುವ ವ್ಯಾಪಾರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಐಸು ಕೊಯ್ಯಿಸಿ ಬಿಸಿ ದೇಶಗಳಿಗೆ ಮಾರುತ್ತಿದ್ದ. 1833ರ ಮೇ ತಿಂಗಳಲ್ಲಿ ಅವನ 'ಟಸ್ಕನಿ' ಹಡಗು ಸುಮಾರು 180 ಟನ್ ಐಸು ಹೊತ್ತು ಕೊಲ್ಕತ್ತಕ್ಕೆ ಹೊರಟಿತು. ನಾಲ್ಕು ತಿಂಗಳ ದಾರಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು. ಸೆಪ್ಟೆಂಬರಿನಲ್ಲಿ ಹಡಗು ತಲುಪಿದಾಗ ಸುಮಾರು 100 ಟನ್ ಇನ್ನೂ ಗಟ್ಟಿಯಾಗಿಯೇ ಇತ್ತು. ಮರ ಕೊಯ್ಯುವ ಮಿಲ್ಲುಗಳು ಕಸವೆಂದು ಗುಡಿಸಿ ಎಸೆಯುತ್ತಿದ್ದ ಹೊಟ್ಟೇ ಅವನ ವ್ಯಾಪಾರದ ಬಂಡವಾಳ. ಚೆನ್ನೈಯ ಮರೀನಾ ಕಡಲತೀರದ ಎದುರಿಗಿರುವ ವಿವೇಕಾನಂದರ ಸ್ಮಾರಕ ಭವನ ನಿಮ್ಮಲ್ಲಿ ಕೆಲವರು ನೋಡಿರಬಹುದು. 1842ರಲ್ಲಿ ಅದನ್ನು ಕಟ್ಟಿದ್ದು ಇದೇ ಟ್ಯೂಡರನ ಐಸು ದಾಸ್ತಾನು ಮಾಡುವುದಕ್ಕೆ. ಇವತ್ತಿಗೂ ಆ ಜಾಗವನ್ನು ಐಸ್ ಹೌಸ್ ಅನ್ನುವವರಿದ್ದಾರೆ.

ಹೊಟ್ಟಿನ ಜೊತೆಗೆ ಇನ್ನೆರಡು ಸಂಗತಿಗಳೂ ಟ್ಯೂಡರನ ಪರವಾಗಿದ್ದವು. ಒಂದು, ಐಸಿನ ಹಟ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಐಸು ಸೊನ್ನೆ ಡಿಗ್ರಿಯ ನೀರಾಗುವುದಕ್ಕೇ 80 ಕ್ಯಾಲೊರಿ ಶಾಖ ಬೇಕು. ಅಷ್ಟು ಶಾಖದಲ್ಲಿ ಅದೇ ನೀರನ್ನು 80 ಡಿಗ್ರಿಗೆ ಕಾಯಿಸಬಹುದು. ಎರಡನೆಯದು, ಗಾತ್ರ. ಉದ್ದ ಅಗಲ ಎತ್ತರ ಮೂರನ್ನೂ ಎರಡರಷ್ಟು ಮಾಡಿದರೆ ಒಳಗಿನ ಪದಾರ್ಥ ಎಂಟು ಪಟ್ಟಾಗುತ್ತದೆ, ಶಾಖ ಓಡಾಡುವ ಹೊರಮೈ ನಾಲ್ಕೇ ಪಟ್ಟು. ಮದುವೆಮನೆಯಲ್ಲಿ ಚಾಪೆಯ ಮೇಲೆ ಸುರುವಿ ಬಟ್ಟೆ ಮುಚ್ಚಿದ ಅನ್ನದ ರಾಶಿ ಮೂರನೇ ಪಂಕ್ತಿಗೂ ಬಿಸಿಯಾಗಿರುವುದು, ಮನೆಯಲ್ಲಿ ತಟ್ಟೆಗೆ ಬಡಿಸಿಟ್ಟ ಅನ್ನ ಫೋನು ಮುಗಿಸಿ ಬರುವಷ್ಟರಲ್ಲಿ ತಣ್ಣಗಾಗುವುದು ಇದೇ ಲೆಕ್ಕದಲ್ಲಿ.

ಬಿಸಿ ಅಡುಗೆಗೆ ಇನ್ನೊಬ್ಬ ಕಳ್ಳನಿದ್ದಾನೆ. ಅವನು ಹಬೆ. ಬಿಸಿ ನೀರಿನ ಒಂದು ಗ್ರಾಂ ಆವಿಯಾಗಿ ಹಾರಿಹೋಗುವಾಗ ಸುಮಾರು 550 ಕ್ಯಾಲೊರಿ ಶಾಖವನ್ನು ಕಟ್ಟಿಕೊಂಡೇ ಹೋಗುತ್ತದೆ. ಒಂದು ಲೀಟರ್ ಸಾರಿನಿಂದ ಎರಡು ಚಮಚದಷ್ಟು, ಅಂದರೆ 10 ಗ್ರಾಂ ನೀರು ಹಬೆಯಾಗಿ ಹೋದರೆ ಉಳಿದ ಸಾರು ಐದೂವರೆ ಡಿಗ್ರಿ ಇಳಿಯುತ್ತದೆ. ಹಾಗಾಗಿ ಅಡುಗೆಮನೆಯ ಅತಿ ಅಗ್ಗದ ಕಾವಲುಗಾರ ಪಾತ್ರೆಯ ಮುಚ್ಚಳ. ತೆಳು ಸ್ಟೀಲಿನ ಮುಚ್ಚಳ ಶಾಖವನ್ನೇನೂ ತಡೆಯುವುದಿಲ್ಲ, ಹಬೆಯನ್ನು ತಡೆಯುತ್ತದೆ. ಹಾಲಿನ ಮೇಲೆ ಕಟ್ಟಿದ ಕೆನೆ, ಹುಳಿಯ ಮೇಲೆ ತೇಲುವ ಎಣ್ಣೆ ಮಾಡುವುದೂ ಇಂಥದೇ ಕೆಲಸ. ತಿಳಿಸಾರು ಆರಿದರೂ ಎಣ್ಣೆ ತೇಲುವ ಎಣಗಾಯಿ ಬಾಯಿ ಸುಡುತ್ತದಲ್ಲ, ನೆನಪು ಮಾಡಿಕೊಳ್ಳಿ.

ಆದರೆ ಹಬೆಯನ್ನು ಕೂಡಿ ಹಾಕುವುದೇ ಎಲ್ಲದಕ್ಕೂ ಮದ್ದಲ್ಲ. ಮೊದಲ ಸಲ ಮನೆಗೆ ಹಾಟ್‌ಬಾಕ್ಸು ಬಂದಾಗ ನನ್ನಾಕೆ ಹಂಚಿನಿಂದ ತೆಗೆದ ಚಪಾತಿಗಳನ್ನು ಹಾಗೇ ಅದರೊಳಗೆ ಹಾಕಿ ಮುಚ್ಚಿಟ್ಟಳು. ಊಟಕ್ಕೆ ತೆಗೆದರೆ ಮೇಲಿನವು ಬಿಸಿಯಾಗಿವೆ, ತಳದ ಎರಡು ಮಾತ್ರ ನೆನೆದ ಕಾಗದದ ಹಾಗೆ ಕೈಗೆ ಹರಿದು ಬಂದವು. ಹಬೆ ಹೊರಗೆ ಹೋಗಲಾರದೆ ಮುಚ್ಚಳಕ್ಕೆ ಬಡಿದು ನೀರಾಗಿ ಕೆಳಗಿಳಿದಿತ್ತು. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಗೆ ಬಿದಿರಿನ ಬುಟ್ಟಿ, ಅದರಲ್ಲಿ ಹತ್ತಿ ಬಟ್ಟೆ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಬಟ್ಟೆಯ ಸಂದಿನ ಗಾಳಿ ಶಾಖವನ್ನು ತಡೆಯುತ್ತದೆ, ಬಟ್ಟೆಯ ನೂಲು ನೀರನ್ನು ಹೀರುತ್ತದೆ, ಬುಟ್ಟಿಯ ಹೆಣಿಗೆ ಉಳಿದ ಹಬೆಯನ್ನು ಮೆಲ್ಲಗೆ ಹೊರಗೆ ಬಿಡುತ್ತದೆ. ಹಾಟ್‌ಬಾಕ್ಸಿನಲ್ಲಿ ಇಡುವುದಾದರೂ ತಳಕ್ಕೊಂದು, ಮೇಲಕ್ಕೊಂದು ಒಣ ಬಟ್ಟೆ ಹಾಕಿ, ಮೊದಲ ಹಬೆ ಹೋದ ಮೇಲೆ ಮುಚ್ಚಿ. ನಮ್ಮ ಮನೆಯಲ್ಲಿ ಆಮೇಲೆ ಆ ತೊಂದರೆ ಬರಲಿಲ್ಲ.

ಈಚೆಗೆ ಡಬ್ಬಿ ಕಟ್ಟುವವರೆಲ್ಲ ಬಳಸುವ ಬೆಳ್ಳಿಕಾಗದ, ಅಂದರೆ ಅಲ್ಯೂಮಿನಿಯಂ ಫಾಯಿಲ್ ಇದೆಯಲ್ಲ, ಅದರ ಬಗ್ಗೆ ಒಂದು ಮಾತು. ಅಲ್ಯೂಮಿನಿಯಂ ಶಾಖವನ್ನು ಓಡಿಸುವುದರಲ್ಲಿ ನಿಸ್ಸೀಮ. ಚಪಾತಿಗೆ ಅಂಟಿಸಿ ಸುತ್ತಿದರೆ ಅದು ಹಬೆಯನ್ನು ತಡೆಯುತ್ತದೆ, ಬೀಸುವ ಗಾಳಿಯನ್ನು ತಡೆಯುತ್ತದೆ, ಅಷ್ಟೇ. ಅದಕ್ಕೆ ಇನ್ನೊಂದು ವಿದ್ಯೆ ಇದೆ: ಬಿಸಿ ವಸ್ತು ಯಾವ ನಂಟೂ ಇಲ್ಲದೆ ಸುಮ್ಮನೆ ಹೊಮ್ಮಿಸುವ ಶಾಖದ ಕಿರಣಗಳನ್ನು ಅದರ ಹೊಳಪು ಮೈ ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ಆದರೆ ಕನ್ನಡಿಗೆ ಎದುರಲ್ಲಿ ಸ್ವಲ್ಪ ಜಾಗ ಬೇಕು. ಮೊದಲು ಬಟ್ಟೆಯಲ್ಲಿ ಸುತ್ತಿ ಹೊರಗೆ ಫಾಯಿಲ್ ಹಾಕಿದರೆ ಎರಡಕ್ಕೂ ಕೆಲಸ ಸಿಕ್ಕಿದ ಹಾಗಾಯಿತು.

ಈ ಎಲ್ಲ ಉಪಾಯಗಳೂ ಒಂದೇ ಪಾತ್ರೆಯಲ್ಲಿ ಕೂಡಿರುವುದು ಫ್ಲಾಸ್ಕಿನಲ್ಲಿ. ಆಸ್ಪತ್ರೆಗೆ ಕಾಫಿ ಒಯ್ಯುವ ಈ ಪಾತ್ರೆ ಹುಟ್ಟಿದ್ದು ಬಿಸಿಗಾಗಿ ಅಲ್ಲ. 1892ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಡ್ಯೂವಾರ್ ಅನ್ನುವ ವಿಜ್ಞಾನಿ, ವಿಪರೀತ ತಣ್ಣಗಿನ ದ್ರವರೂಪದ ಅನಿಲಗಳನ್ನು ಕುದಿದು ಹೋಗದಂತೆ ಇಡುವುದಕ್ಕೆ ಅದನ್ನು ಮಾಡಿಸಿದ. ಗಾಜಿನ ಎರಡು ಗೋಡೆ, ನಡುವಿನ ಗಾಳಿಯನ್ನೂ ಹೊರಗೆಳೆದ ಬರಿದು ಜಾಗ, ಗೋಡೆಗೆ ಬೆಳ್ಳಿಯ ಲೇಪ. ಗಾಳಿಯೇ ಇಲ್ಲದ ಮೇಲೆ ಹೊತ್ತೊಯ್ಯುವವರು ಯಾರು? ಕಿರಣಗಳನ್ನು ಬೆಳ್ಳಿ ಹಿಂದಕ್ಕೆ ಕಳಿಸುತ್ತದೆ. ಡ್ಯೂವಾರ್ ಇದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಜರ್ಮನಿಯವರು ಇದನ್ನು ಮನೆಬಳಕೆಯ ಪಾತ್ರೆ ಮಾಡಿ 1904ರಲ್ಲಿ 'ಥರ್ಮೋಸ್' ಅನ್ನುವ ಹೆಸರಲ್ಲಿ ಮಾರಿದರು. ಡ್ಯೂವಾರ್ ಕೋರ್ಟಿಗೆ ಹೋಗಿ ಸೋತ. ತಂಪಿಗೆಂದು ಹುಟ್ಟಿದ ಪಾತ್ರೆಗೆ ಶಾಖದ ಹೆಸರು ಬಂತು, ಪಾತ್ರೆಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ. ನಿಮ್ಮ ಸ್ಟೀಲ್ ಫ್ಲಾಸ್ಕಿಗೆ ಕುದಿಯುವ ನೀರು ಹಾಕಿ ಹೊರಮೈ ಮುಟ್ಟಿ ನೋಡಿ. ಅಲ್ಲೂ ಬಿಸಿ ತಾಗುತ್ತಿದ್ದರೆ ಗೋಡೆಗಳ ನಡುವೆ ಗಾಳಿ ನುಗ್ಗಿದೆ ಅಂತ ಅರ್ಥ. ಅದು ಇನ್ನು ಮುಂದೆ ಬರೀ ದುಬಾರಿ ಚೊಂಬು.

'ನಮ್ಮ ಮಣ್ಣಿನ ಮಡಕೆಯ ಮಾತೇ ಬರಲಿಲ್ಲವಲ್ಲ' ಅಂತ ನೀವು ಅಂದುಕೊಳ್ಳುತ್ತಿರಬಹುದು. ಮಡಕೆಯ ದಾರಿಯೇ ಬೇರೆ. ಅದು ಶಾಖವನ್ನು ತಡೆಯುವುದಿಲ್ಲ, ಖರ್ಚು ಮಾಡುತ್ತದೆ. ಸಾರಿಗೆ ಕಳ್ಳನಾಗಿದ್ದ ಆವಿ ಇಲ್ಲಿ ನೆಂಟ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ, ಹೊರಮೈಯಲ್ಲಿ ಆವಿಯಾಗಿ, ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಹತ್ತು ಲೀಟರಿನ ಮಡಕೆಯಿಂದ ಒಂದು ಸಣ್ಣ ಲೋಟದಷ್ಟು, 100 ಮಿಲಿಲೀಟರ್ ನೀರು ಹೀಗೆ ಹೋದರೆ, ಹೊರಗಿನ ಶಾಖ ಒಳಗೆ ಬರದಿದ್ದಲ್ಲಿ, ಉಳಿದದ್ದು ಆರು ಡಿಗ್ರಿಯಷ್ಟು ತಣಿಯಬಹುದು. ರಾಯಚೂರು, ಕಲಬುರಗಿಯ ಒಣ ಬೇಸಿಗೆಯಲ್ಲಿ ಹರವಿಯ ನೀರು ಹಲ್ಲು ಜುಮ್ಮೆನ್ನುವ ಹಾಗಿರುತ್ತದೆ. ಅದೇ ಹರವಿಯನ್ನು ಮಂಗಳೂರಿಗೆ ಒಯ್ದರೆ ಮಂಕಾಗುತ್ತದೆ, ಅಲ್ಲಿನ ಗಾಳಿಯಲ್ಲಿ ಆಗಲೇ ತುಂಬ ತೇವ ಇದೆ, ಆವಿ ಹೋಗುವುದೆಲ್ಲಿಗೆ? ಮಡಕೆಗೆ ಒಣ ಕಂಬಳಿ ಹೊದಿಸಿದರೆ ಅದರ ಉಸಿರು ಕಟ್ಟಿದ ಹಾಗೆ, ಒದ್ದೆ ಬಟ್ಟೆ ಸುತ್ತಿದರೆ ಅದಕ್ಕೆ ಹಬ್ಬ. ಐಸಿಗೆ ಒಣ ಹೊದಿಕೆ, ಮಡಕೆಗೆ ಒದ್ದೆ ಹೊದಿಕೆ. ಇದನ್ನು ತಿರುವುಮುರುವು ಮಾಡಬೇಡಿ.

ಇಷ್ಟೆಲ್ಲ ತಿಳಿದ ಮೇಲೆ ಇಂಧನ ಉಳಿಸುವುದಕ್ಕೂ ಇದನ್ನು ಬಳಸಬಹುದು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ನಾರ್ವೆಯ ಒಂದು ಪೆಟ್ಟಿಗೆ ಜನರ ಕಣ್ಣಿಗೆ ಬಿತ್ತು. ಕುದಿಸಿದ ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಒಲೆಯಿಲ್ಲದೆ ಅಡುಗೆ ಬೇಯುತ್ತಿತ್ತು. ಮಹಾಯುದ್ಧಗಳ ಕಾಲದಲ್ಲಿ ಬ್ರಿಟನ್ನಿನ ಮನೆಗಳಲ್ಲಿ ಇದನ್ನೇ ಒಣಹುಲ್ಲು ತುಂಬಿ ಮಾಡಿಕೊಂಡರು. ನಮಗಂತೂ ಭತ್ತದ ಹುಲ್ಲಿದೆ. ಒಂದು ಬುಟ್ಟಿಗೆ ಹುಲ್ಲನ್ನು ನಾಲ್ಕು ಬೆರಳು ದಪ್ಪ ಒತ್ತಿ, ನೆನೆಸಿದ ಕಡಲೆಯನ್ನೋ ಬೇಳೆಯನ್ನೋ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಒಳಗಿಟ್ಟು, ಮೇಲೆ ಹಳೆಯ ರಗ್ಗು ಒತ್ತಿ ಬಿಡಿ. ಮೂರು ನಾಲ್ಕು ಗಂಟೆಯಲ್ಲಿ ಮೆತ್ತಗಾಗುತ್ತದೆ. ಪಾತ್ರೆ ತುಂಬಿರಲಿ, ನಡುವೆ ಇಣುಕುವ ಚಪಲ ಬೇಡ. ತೆಗೆದ ಮೇಲೆ ಮತ್ತೊಮ್ಮೆ ಕುದಿಸಿಯೇ ಉಣ್ಣಿ.

ಮತ್ತೊಮ್ಮೆ ಕುದಿಸಿ ಅಂದದ್ದಕ್ಕೆ ಕಾರಣವಿದೆ. ಮಲೆನಾಡಿನ ಚಳಿಯಲ್ಲಿ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಅಕ್ಕಿಡಬ್ಬದೊಳಗೆ ಇಡುತ್ತಾರೆ. ಆ ಉಗುರುಬೆಚ್ಚಗಿನ ಹದದಲ್ಲಿ ಮೊಸರಿನ ಜೀವಾಣುಗಳು ಹುಲುಸಾಗಿ ಬೆಳೆಯುತ್ತವೆ. ಹೆಪ್ಪಿಗೆ ಬೇಕಾದ ಹದವೇ ಹಳಸುವುದಕ್ಕೂ ಹದ. ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ಜೀವಾಣುವಿನ ಬೀಜಕಗಳು ಅನ್ನ ಬೆಂದರೂ ಸಾಯದೆ ಉಳಿದು, ಅನ್ನ ಬೆಚ್ಚಗಾದ ಕೂಡಲೇ ಕಣ್ಣು ಬಿಡುತ್ತವೆ. ಅವು ಬಿಟ್ಟ ವಿಷದಲ್ಲಿ ಒಂದು ಬಗೆ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಬಿಸಿ ಊಟ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗಿರಬೇಕು. ಬೆಳಗಿನ ಅನ್ನವನ್ನು ಸಂಜೆಯವರೆಗೆ ಹಾಟ್‌ಬಾಕ್ಸಿನಲ್ಲಿ ಬೆಚ್ಚಗಿಟ್ಟು ಮಗುವಿಗೆ ಉಣ್ಣಿಸಬೇಡಿ. ಬೇಲಿ ಶಾಖವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಇವತ್ತು ರಾತ್ರಿ ಒಂದು ಆಟ ಆಡಿ. ಫ್ರಿಜ್ಜಿನಿಂದ ಒಂದೇ ಗಾತ್ರದ ಎರಡು ಐಸು ತುಂಡು ತೆಗೆದುಕೊಳ್ಳಿ. ಒಂದು ಸ್ಟೀಲು ತಟ್ಟೆ, ಒಂದು ಮರದ ಮಣೆ. ಐಸು ಇಡುವ ಮೊದಲು ಮನೆಯ ಮಕ್ಕಳಿಗೆ ಎರಡನ್ನೂ ಮುಟ್ಟಿಸಿ, ಐಸು ಎಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ ಅಂತ ಕೇಳಿ. ತಟ್ಟೆ ತಣ್ಣಗಿದೆ, ತಟ್ಟೆಯಲ್ಲೇ ಅನ್ನುತ್ತಾರೆ. ನೀವು ಏನೂ ಹೇಳಬೇಡಿ, ಐಸು ಇಟ್ಟು ಸುಮ್ಮನೆ ಕೂತು ನೋಡಿ.

ನನ್ನ ಪಾಠ ಮುಗಿದದ್ದು ಮರುವರ್ಷ. ಇನ್ನೊಬ್ಬ ಅತ್ತೆಯ ಮದುವೆ, ಇನ್ನೊಂದು ಐಸುಗಡ್ಡೆ. ದೊಡ್ಡಪ್ಪ ಚೀಲ ಇಳಿಸಿ ಎಲ್ಲರನ್ನೂ ಬಿಟ್ಟು ನನ್ನನ್ನೇ ಕರೆದು, "ನೀನೇ ಕಾಯಬೇಕು ಕಣೋ" ಅಂದರು. ಬೆಳಗಿಂದ ಆ ಕಂಬಳಿಯ ಪಕ್ಕ ಕೂತೆ. ಮುಟ್ಟಲು ಬಂದ ಪುಟ್ಟ ಹುಡುಗರನ್ನೆಲ್ಲ ಗದರಿಸಿ ಓಡಿಸಿದೆ. ಬೀಗರೆಲ್ಲ ಪಾನಕ ಕುಡಿದು ಮುಗಿದ ಮೇಲೂ ಹೊಟ್ಟಿನೊಳಗೆ ಒಂದು ತುಂಡು ಉಳಿದಿತ್ತು. ದೊಡ್ಡಪ್ಪ ಅದನ್ನು ತೊಳೆದು, ಕಲ್ಲಿನಿಂದ ಕುಟ್ಟಿ, ಮೊದಲ ಚೂರನ್ನು ನನ್ನ ಅಂಗೈಗೆ ಹಾಕಿದರು.